ಮೂವತ್ತೇಳು ಡಿಗ್ರಿಯ ಕದ

ಮನುಷ್ಯನನ್ನು ಕೆಡಿಸುವ ಸಂಗತಿಗಳ ಪಟ್ಟಿಯಲ್ಲಿ ಕುಡಿತ, ಜೂಜು, ಹೊಗಳಿಕೆ ಮುಂತಾದವು ಮೊದಲಿನಿಂದಲೂ ಇವೆ. ಕೋನವನ್ನು ಮಾತ್ರ ಯಾರೂ ಸೇರಿಸಿದ ಹಾಗಿಲ್ಲ. ಸೇರಿಸಬೇಕು. ಮಿಲಿಮೀಟರ್ ಅವರನ್ನು ಕೆಡಿಸಿದ್ದು ಒಂದು ಕೋನ. ಅದೂ ದೊಡ್ಡದೇನಲ್ಲ, ಮೂವತ್ತೇಳು ಡಿಗ್ರಿ.

ಮಿಲಿಮೀಟರ್ ಎಂಬುದು ಅವರ ತಂದೆತಾಯಿ ಇಟ್ಟ ಹೆಸರಲ್ಲ. ಆ ಹೆಸರನ್ನು ಹಾಜರಿ ಪುಸ್ತಕ ಬಿಟ್ಟರೆ ಬೇರೆ ಯಾರೂ ಬಳಸುತ್ತಿರಲಿಲ್ಲ. ಕಟ್ಟಡಗಳ ನಕ್ಷೆ ಬರೆಯುವ ಒಂದು ಖಾಸಗಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ನಕ್ಷೆಗಾರರು. ಟೀ ಎಷ್ಟು ಹಾಕಲಿ ಎಂದು ಕೇಳಿದರೆ ಲೋಟದ ಮೇಲೆ ಬೆರಳಿಟ್ಟು “ಅರವತ್ತು ಮಿಲಿಮೀಟರ್ ಸಾಕು” ಎನ್ನುವ ಆಸಾಮಿ. ಮೊದಲ ಹದಿನೆಂಟು ವರ್ಷ ಪೆನ್ಸಿಲಿನಲ್ಲಿ ಬರೆದರು, ಆಮೇಲಿನ ಎಂಟು ವರ್ಷ ಕಂಪ್ಯೂಟರಿನಲ್ಲಿ. ಪೆನ್ಸಿಲು ಹೇಳಿದ ಮಾತು ಕೇಳುತ್ತಿತ್ತು. ಕಂಪ್ಯೂಟರೂ ಕೇಳುತ್ತದೆ, ಆದರೆ ಪ್ರತಿ ಸಲವೂ “ನಿಜವಾಗಿಯೂ?” ಎಂದು ತಿರುಗಿ ಕೇಳುತ್ತದೆ. ವಯಸ್ಸಾದವರಿಗೆ ಇದು ನೋವುಂಟುಮಾಡುವ ಪ್ರಶ್ನೆ.

ಕಿಟಕಿಯ ಪಕ್ಕದಲ್ಲಿ ಅವರ ಕುರ್ಚಿ. ಐದು ಚಕ್ರದಲ್ಲಿ ಒಂದು ತಿರುಗುತ್ತಿರಲಿಲ್ಲ; ಅದಕ್ಕೆ ಅವರು ಹಸಿರು ದಾರ ಸುತ್ತಿದ್ದರು. ಯಾಕೆ ಸುತ್ತಿದರೆಂದು ಅವರಿಗೂ ಮರೆತಿತ್ತು. ಪಕ್ಕದ ಮೇಜಿನಲ್ಲಿ ಹೆಡ್‌ಫೋನಮ್ಮ. ಮೂವತ್ತರ ಆಚೀಚಿನ ಹೆಂಗಸು. ಬೆಳಿಗ್ಗೆ ಬಂದು ಎರಡು ಕಿವಿಗೂ ಹೆಡ್‌ಫೋನ್ ಏರಿಸಿದರೆ ಸಂಜೆ ಇಳಿಸುವುದು. ನಡುವೆ ಆಕೆ ಮಾತಾಡಿದ್ದನ್ನು ಕೇಳಿದವರು ಕಡಿಮೆ, ಆಕೆಯ ಕೆಲಸದಲ್ಲಿ ತಪ್ಪು ಕಂಡವರು ಇನ್ನೂ ಕಡಿಮೆ.

ಒಂದು ಬೆಳಿಗ್ಗೆ ಕಚೇರಿಯ ಯಜಮಾನರು ಇಬ್ಬರನ್ನೂ ಕರೆದು ಹೇಳಿದರು: “ಈ ಹೆರಿಗೆ ಆಸ್ಪತ್ರೆ ಕೆಲಸ ಮುಗಿದ ಮೇಲೆ ನಕ್ಷೆಗೆ ಒಬ್ಬರು ಸಾಕು ಅನ್ಸುತ್ತೆ. ಯಾರು ಅನ್ನೋದನ್ನ ಕೆಲಸವೇ ಹೇಳುತ್ತೆ. ನಾನು ಹೇಳೋದಿಲ್ಲಪ್ಪ. ನಾನು ಈ ಜನ್ಮದಲ್ಲಿ ಯಾರಿಗೂ ಹೋಗು ಅಂದೋನಲ್ಲ.”

ಇದು ಅಕ್ಷರಶಃ ಸತ್ಯ. ಯಜಮಾನರು ಯಾರಿಗೂ ಹೋಗು ಎಂದವರಲ್ಲ. ಒಂದು ಸೋಮವಾರ ಬಂದು ನೋಡಿದರೆ ಕುರ್ಚಿ ಇರುತ್ತಿರಲಿಲ್ಲ, ಅಷ್ಟೆ. ಮೇಜಿರುತ್ತಿತ್ತು, ಕಂಪ್ಯೂಟರಿರುತ್ತಿತ್ತು, ಕುರ್ಚಿ ಇರುತ್ತಿರಲಿಲ್ಲ. ಬುದ್ಧಿವಂತರು ಅರ್ಧ ದಿನ ನಿಂತು ಅರ್ಥ ಮಾಡಿಕೊಂಡು ಹೋಗುತ್ತಿದ್ದರು. ಒಬ್ಬ ಲೆಕ್ಕಿಗರು ಮಾತ್ರ ನಾಲ್ಕು ದಿನ ನಿಂತೇ ಕೆಲಸ ಮಾಡಿದರೆಂದು ಪ್ರತೀತಿ.

ಮಿಲಿಮೀಟರ್ ಅವರ ನಿವೃತ್ತಿಗೆ ಇನ್ನೂ ಐದು ವರ್ಷವಿತ್ತು. ಅಂದಿನಿಂದ ಅವರು ಊಟಕ್ಕೆ ಏಳುವಾಗಲೂ ಕುರ್ಚಿಯ ಬೆನ್ನಿಗೆ ಟವೆಲು ಹಾಕಿ ಹೋಗತೊಡಗಿದರು.

ಆಸ್ಪತ್ರೆಯ ಮುಂಬಾಗಿಲಿಗೆ ಎರಡು ಕದ. ಎಡಗದ ಜನ ಓಡಾಡಲಿಕ್ಕೆ, ಬಲಗದ ಸ್ಟ್ರೆಚರ್ ಬಂದಾಗ ಮಾತ್ರ. ಒಂದು ತೆರೆದು ಇನ್ನೊಂದು ಮುಚ್ಚಿರುವ ಚಿತ್ರವನ್ನು ಆಸ್ಪತ್ರೆಯವರಿಗೆ ತೋರಿಸಬೇಕೆಂದು ಯಜಮಾನರು ಅಪ್ಪಣೆ ಮಾಡಿದರು. ಸುಲಭದ ಮಾತು. ಆದರೆ ಸಾಫ್ಟ್‌ವೇರಿನಲ್ಲಿ ಸಿದ್ಧವಾಗಿ ಸಿಗುತ್ತಿದ್ದ ಜೋಡಿ ಬಾಗಿಲಿಗೆ ಕೋನ ಒಂದೇ. ತೊಂಬತ್ತು ಅಂದರೆ ಎರಡೂ ತೊಂಬತ್ತು, ಇಪ್ಪತ್ತು ಅಂದರೆ ಎರಡೂ ಇಪ್ಪತ್ತು. ಶಾಲೆಯ ಕವಾಯತಿನ ಹಾಗೆ. ಒಂದು ಕದ ಇನ್ನೊಂದನ್ನು ಬಿಟ್ಟು ತಾನೇ ತೆರೆದುಕೊಳ್ಳುವುದು ಆ ಸಾಫ್ಟ್‌ವೇರು ಬರೆದವರ ಕಲ್ಪನೆಗೇ ಬಂದಿರಲಿಲ್ಲ.

“ನಾನು ಮಾಡ್ತೀನಿ ಸರ್,” ಎಂದು ಮಿಲಿಮೀಟರ್ ಅವರು ಎಲ್ಲರಿಗೂ ಕೇಳುವ ಹಾಗೆ ಅಂದರು.

ಮೊದಲ ವಾರ ಅವರ ಕದ ನಡುಮಧ್ಯದಿಂದ ತಿರುಗಿ ಫ್ಯಾನಿನಂತೆ ಸುತ್ತಿತು. ಎರಡನೇ ವಾರ ಎಡಗದ ಸರಿಯಾಯಿತು, ಬಲಗದ ಚೌಕಟ್ಟು ಬಿಟ್ಟು ಹೋಗಿ ಹೆಂಗಸರ ಶೌಚಾಲಯದ ನಡುವೆ ನಿಂತಿತು. ಮೂರನೇ ವಾರ ಎರಡೂ ಕದ ಕಾಣೆಯಾದವು. ನೋಡಿದರೆ ನೆಲದಡಿ ಮಲಗಿದ್ದವು.

ಆವತ್ತು ಹೆಡ್‌ಫೋನಮ್ಮ ಒಂದು ಕಿವಿ ಬಿಚ್ಚಿದಳು.

“ಸರ್, ಒಂದು ಕದನ ಬೇರೆ ಫೈಲಲ್ಲಿ ಮಾಡಿ. ಬಿಜಾಗರಿ ಬರೋ ಕಡೆ ಒಂದು ಗೆರೆ ಎಳೀರಿ, ಕದನ ಆ ಗೆರೆಗೆ ಕಟ್ಟಿ. ಕೋನನ ಕದಕ್ಕೆ ಕೊಡಬೇಡಿ, ಗೆರೆಗೆ ಕೊಡಿ. ಆಮೇಲೆ ಅದನ್ನೇ ಎರಡು ಸಲ ತಂದು ಚೌಕಟ್ಟಲ್ಲಿ ಕೂರಿಸಿ. ಒಂದಕ್ಕೆ ಎಡಕೋನ, ಇನ್ನೊಂದಕ್ಕೆ ಬಲಕೋನ ಅಂತ ಬೇರೆ ಬೇರೆ ಹೆಸರಿಡಿ. ಮುಗೀತು.”

“ಅಷ್ಟೇನಾ ಅಮ್ಮ?”

“ಅಷ್ಟೇ. ಸೊನ್ನೆ ಮಾತ್ರ ಕೊಡಬೇಡಿ. ಗೆರೆ ಮೇಲೆ ಗೆರೆ ಕೂತ್ರೆ ಅದಕ್ಕೆ ದಿಕ್ಕು ತಪ್ಪುತ್ತೆ. ಮುಚ್ಚಿದ ಹಾಗೆ ಕಾಣಬೇಕು ಅಂದ್ರೆ ಒಂದು ಡಿಗ್ರಿ ಕೊಡಿ. ಮತ್ತೆ ಮಂಜೂರಾತಿಗೆ ಕಳಿಸೋ ಮುಂಚೆ ಎರಡನ್ನೂ ತೊಂಬತ್ತಕ್ಕೆ ತಂದುಬಿಡಿ. ಮರೀಬೇಡಿ.”

ಕಿವಿ ಮುಚ್ಚಿಕೊಂಡಳು. ಇಪ್ಪತ್ತು ನಿಮಿಷದಲ್ಲಿ ಬಾಗಿಲು ಸರಿಯಾಯಿತು.

ಇಲ್ಲೊಂದು ಪದ್ಧತಿಯ ವಿಷಯ ಹೇಳಬೇಕು. ನಕ್ಷೆಯಲ್ಲಿ ಬಾಗಿಲನ್ನು ಯಾವಾಗಲೂ ತೆರೆದೇ ಬರೆಯುತ್ತಾರೆ. ಮುಚ್ಚಿ ಬರೆದರೆ ಬಾಗಿಲು ಯಾವುದು, ಗೋಡೆ ಯಾವುದು ತಿಳಿಯದು. ತೊಂಬತ್ತು ಡಿಗ್ರಿಗೆ ಒಂದು ಗೆರೆ, ಕದದ ತುದಿ ಓಡಾಡುವ ದಾರಿಗೆ ಒಂದು ಕಮಾನು. ಅದು ಬರೀ ಗುರುತು. ಕಟ್ಟಿದ ಮೇಲೆ ಬಾಗಿಲನ್ನು ಯಾರು ಎಷ್ಟು ತೆರೆಯುತ್ತಾರೆ ಎಂದು ಯಾವ ನಕ್ಷೆಯೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಆ ಕಸುಬಿನ ಪ್ರತಿಯೊಬ್ಬರಿಗೂ ಗೊತ್ತು. ಮಿಲಿಮೀಟರ್ ಅವರಿಗೆ ಇಪ್ಪತ್ತಾರು ವರ್ಷದಿಂದ ಗೊತ್ತು.

ಆದರೂ ಅವರು ಎಡಗದವನ್ನು ತೊಂಬತ್ತರಲ್ಲಿ ಬಿಟ್ಟು ಬಲಗದಕ್ಕೆ ಮೂವತ್ತೇಳು ಕೊಟ್ಟರು. ಎರಡಕ್ಕೂ ತೊಂಬತ್ತು ಕೊಟ್ಟರೆ ಬೇರೆ ಬೇರೆ ತೆರೆಯುತ್ತವೆಂದು ಯಾರಿಗೆ ತಿಳಿಯಬೇಕು? ನಲವತ್ತೈದು ಕೊಟ್ಟರೆ ಕೈಗೆ ಬಂದದ್ದು ಕೊಟ್ಟರು ಅನ್ನಬಹುದು. ಮೂವತ್ತೇಳು ಎಂದರೆ ಹಿಂದೆ ಏನೋ ಆಲೋಚನೆಯಿದೆ ಎನ್ನಿಸುತ್ತದೆ. ಅಷ್ಟಾಗಿಯೂ ಕಣ್ಣು ತಪ್ಪಿಸಿಕೊಂಡು ಹೋದೀತೆಂದು ಪಕ್ಕದಲ್ಲಿ ‘37°’ ಎಂದು ದಪ್ಪಕ್ಷರದಲ್ಲಿ ಬರೆದರು.

ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದರು. “ಮೂರು ವಾರ ಆಯ್ತು ಕಣೆ. ಇವತ್ತು ತೆರೀತು.”

“ಏನು?” ಎಂದರು ಹೆಂಡತಿ.

“ಬಾಗಿಲು. ಎಡಗದದ ಪಾಡಿಗೆ ಎಡಗದ, ಬಲಗದದ ಪಾಡಿಗೆ ಬಲಗದ.”

“ನಮ್ಮದು ಯಾವಾಗ ತೆರೆಯುತ್ತೆ?”

ಅವರ ಮನೆಯ ಮುಂಬಾಗಿಲಿಗೂ ಎರಡು ಕದ. ಬಲಗದ ಆರು ವರ್ಷದ ಹಿಂದೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿದ್ದು ಮತ್ತೆ ಬಿಟ್ಟಿರಲಿಲ್ಲ. ಅಂದಿನಿಂದ ಮನೆಯವರೆಲ್ಲ ಅಡ್ಡಡ್ಡ ತಿರುಗಿ ಒಳಗೆ ಬರುತ್ತಿದ್ದರು. ನೆಂಟರ ಪೈಕಿ ದಪ್ಪಗಿದ್ದವರು ಬರುವುದನ್ನೇ ಬಿಟ್ಟಿದ್ದರು.

ಹೆಂಡತಿಯ ತಮ್ಮ, ಬಡಗಿ, ಅಲ್ಲೇ ಕೂತು ಟೀ ಕುಡಿಯುತ್ತಿದ್ದ. ಅವನು ಲೋಟ ಕೆಳಗಿಟ್ಟ.

“ಭಾವ, ತಪ್ಪು ತಿಳ್ಕೋಬೇಡಿ. ಎರಡು ಕದ ಇದ್ಮೇಲೆ ಬೇರೆ ಬೇರೆನೇ ತೆರ್ಕೋತವಲ್ಲ? ಇಪ್ಪತ್ತು ವರ್ಷದಿಂದ ನಾನು ಮಾಡ್ತಿರೋದು ಅದೇ ಬಾಗಿಲು. ಬಿಜಾಗರಿ ಹಾಕ್ತೀನಿ, ಬಿಡ್ತೀನಿ. ಅವುಗಳ ಪಾಡಿಗೆ ಅವು ತೆರ್ಕೋತವೆ.”

“ಅದು ಮರ ಕಣಯ್ಯ.”

“ಇದು?”

“ಇದು ಮಾಡೆಲ್ಲು.”

“ಮರದಲ್ಲಿ ತಾನಾಗೇ ಆಗೋದಕ್ಕೆ ಇದರಲ್ಲಿ ಮೂರು ವಾರ ಯಾಕೆ ಬೇಕು?”

“ನಿನಗೆ ಅರ್ಥ ಆಗಲ್ಲ ಬಿಡು.”

“ಹೋಗಲಿ, ಮುಚ್ಚುತ್ತಾ?”

ಮಿಲಿಮೀಟರ್ ಅವರು ಸ್ವಲ್ಪ ಹೊತ್ತು ಗೋಡೆ ನೋಡಿದರು. “ಒಂದು ಡಿಗ್ರಿವರೆಗೂ ಬರುತ್ತೆ,” ಎಂದರು.

ಬಡಗಿ ಅಕ್ಕನ ಮುಖ ನೋಡಿದ. ಅಕ್ಕ ಕಿಟಕಿಯಾಚೆ ನೋಡಿದರು. ಆ ಮನೆಯಲ್ಲಿ ಗೌರವವನ್ನು ಉಳಿಸುತ್ತಿದ್ದದ್ದು ಹೀಗೆ ಬೇರೆ ಬೇರೆ ಕಡೆ ನೋಡುವ ಅಭ್ಯಾಸ.

ಮಾರನೇ ದಿನ ಕಚೇರಿಯಲ್ಲಿ ಯಜಮಾನರು ಪರದೆಗೆ ಬಗ್ಗಿದರು. ಮಿಲಿಮೀಟರ್ ಅವರು ಬಲಕೋನದ ಅಂಕಿ ಬದಲಾಯಿಸಿದರು. ಬಲಗದ ಮಾತ್ರ ಅಲುಗಿತು, ಎಡಗದ ಮಿಸುಕಲಿಲ್ಲ. ಯಜಮಾನರು ಅಂಥದನ್ನು ಜನ್ಮದಲ್ಲಿ ಕಂಡಿರದವರಂತೆ ಮತ್ತೊಮ್ಮೆ ಮಾಡಿಸಿದರು. ತಮ್ಮ ಮನೆಯಲ್ಲಿ ದಿನಾ ನೋಡುವುದನ್ನೇ ಪರದೆಯ ಮೇಲೆ ಕಂಡು ಬೆರಗಾಗುವ ಶಕ್ತಿ ಓದಿದವರಿಗೆ ಇರುತ್ತದೆ.

“ಇದನ್ನ ಮಾಡಿದ್ಯಾರು?”

ಮಿಲಿಮೀಟರ್ ಅವರ ಬಾಯಲ್ಲಿ ಸಿದ್ಧವಾಗಿದ್ದ ವಾಕ್ಯ ಇದು: “ನಾನೇ ಸರ್, ಆದರೆ ದಾರಿ ತೋರಿಸಿದ್ದು ಪಕ್ಕದ ಮೇಜಿನ ಆಯಮ್ಮ.” ವಾಕ್ಯದಲ್ಲಿ ಒಂದು ಅಲ್ಪವಿರಾಮ ಇತ್ತು. ಯಜಮಾನರು ಅಲ್ಪವಿರಾಮದವರೆಗೆ ಕೇಳಿ, “ಭೇಷ್!” ಎಂದು ಬೆನ್ನು ತಟ್ಟಿ ಹೊರಟುಹೋದರು. ಉಳಿದರ್ಧ ಬಾಯಲ್ಲೇ ಉಳಿಯಿತು. ಪಕ್ಕದ ಮೇಜಿನಲ್ಲಿ ಹೆಡ್‌ಫೋನಮ್ಮ ಕಿವಿ ಮುಚ್ಚಿಕೊಂಡು ಮೆಟ್ಟಿಲು ಬರೆಯುತ್ತಿದ್ದಳು. ಆಕೆಗೆ ಕೇಳಿಸಿತೋ ಇಲ್ಲವೋ ಹೇಳಲಾಗದು.

ನಕ್ಷೆ ಮಂಜೂರಾತಿ ಕಚೇರಿಗೆ ಹೋಯಿತು. ತೊಂಬತ್ತಕ್ಕೆ ತರಲಿಲ್ಲ. ಮರೆತರು ಎಂದು ಕೆಲವರು. ಮನಸ್ಸು ಬರಲಿಲ್ಲ ಎಂದು ಹೆಂಡತಿ.

ಮಂಜೂರಾತಿ ಸಾಹೇಬರು ಮೂವತ್ತು ವರ್ಷದಲ್ಲಿ ಒಂದು ನಕ್ಷೆಯನ್ನೂ ನೋಡಿದವರಲ್ಲ. ಮುದ್ರೆ ಒತ್ತುವುದು, ಮುಂದಿನದು. ಹಾಗಾಗಿ ಅವರ ಕೈಯಲ್ಲಿ ಯಾವ ಕಟ್ಟಡಕ್ಕೂ ತೊಂದರೆಯಾಗಿರಲಿಲ್ಲ. ಆದರೆ ಯಜಮಾನರೂ ಮಿಲಿಮೀಟರ್ ಅವರೂ ಮುಂದೆ ಕೂತಿದ್ದ ಹೊತ್ತಿನಲ್ಲಿ ಮುದ್ರೆಯ ಶಾಯಿ ಒಣಗಿತ್ತು. ಜವಾನ ಶಾಯಿ ತರಲು ಕೆಳಗಿನ ಮಹಡಿಗೆ ಹೋದ. ಸಾಹೇಬರಿಗೆ ಹತ್ತು ನಿಮಿಷ ಮಾಡಲು ಏನೂ ಇರಲಿಲ್ಲ. ಬೇರೆ ದಾರಿ ಕಾಣದೆ ನಕ್ಷೆ ನೋಡಿದರು.

“ಇದೇನ್ರೀ, ಮೂವತ್ತೇಳು?”

ಯಜಮಾನರು ಮಿಲಿಮೀಟರ್ ಅವರ ಕಡೆ ತಿರುಗಿದರು. ಆ ನೋಟದಲ್ಲಿ ಒಂದು ಕುರ್ಚಿ ಸ್ಪಷ್ಟವಾಗಿ ಕಾಣುತ್ತಿತ್ತು.

“ಗಾಳಿ ಸರ್,” ಎಂದರು ಮಿಲಿಮೀಟರ್.

“ಗಾಳಿ?”

“ಹೆರಿಗೆ ಆಸ್ಪತ್ರೆ ನೋಡಿ ಸರ್. ಹಸುಗೂಸುಗಳು ಇರ್ತವೆ. ಎರಡೂ ಕದ ಪೂರ್ತಿ ತೆಗೆದ್ರೆ ಗಾಳಿ ನೇರ ಬಂದು ಹೊಡೆಯುತ್ತೆ. ಮುಚ್ಚಿದ್ರೆ ಉಸಿರು ಕಟ್ಟುತ್ತೆ. ಒಂದನ್ನ ಮೂವತ್ತೇಳಕ್ಕೆ ನಿಲ್ಲಿಸಿದ್ರೆ ಗಾಳಿ ಬಳಸ್ಕೊಂಡು ಒಳಗೆ ಬರುತ್ತೆ.”

“ಮೂವತ್ತಾರಾದ್ರೆ?”

“ಸಾಲದು ಸರ್.”

“ಮೂವತ್ತೆಂಟು?”

“ಶೀತ ಸರ್.”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಕಣ್ಣಲ್ಲಿ ನೀರಾಡಿತೆಂದು ಯಜಮಾನರು ಆಮೇಲೆ ಹೇಳಿಕೊಂಡು ತಿರುಗಿದರು. “ಮೂವತ್ತು ವರ್ಷ ಆಯ್ತು ಈ ಕುರ್ಚಿಗೆ ಬಂದು,” ಎಂದರು ಸಾಹೇಬರು. “ಯಾವ ಮಹಾನುಭಾವರಿಗೂ ಮಕ್ಕಳ ಶೀತ ನೆನಪಾಗಿಲ್ಲ ನೋಡಿ.” ಷರತ್ತುಗಳ ಹಾಳೆಯಲ್ಲಿ ಹದಿಮೂರು ಷರತ್ತು ಮೊದಲೇ ಅಚ್ಚಾಗಿದ್ದವು. ಸಾಹೇಬರು ಕೆಳಗೆ ಕೈಯಾರೆ ಹದಿನಾಲ್ಕನೆಯದನ್ನು ಬರೆದರು: ‘ಸ್ಟ್ರೆಚರ್ ಒಯ್ಯುವ ಸಂದರ್ಭ ಹೊರತು, ಹಗಲು ವೇಳೆಯಲ್ಲಿ ಮುಂಬಾಗಿಲಿನ ಬಲಗದವು ಮೂವತ್ತೇಳು ಡಿಗ್ರಿಯಲ್ಲಿಯೇ ಇರತಕ್ಕದ್ದು. ಆಗಿಂದಾಗ್ಗೆ ತಪಾಸಣೆ ಮಾಡಲಾಗುವುದು.’

ಅಷ್ಟರಲ್ಲಿ ಶಾಯಿ ಬಂತು.

ಯಜಮಾನರ ಸಂತೋಷಕ್ಕೆ ಪಾರವಿಲ್ಲ. ವಾರದೊಳಗೆ ‘ನಾನು’ ಎಂಬ ಪದ ಆ ಕೋನದ ಪಕ್ಕದಲ್ಲಿ ಬಂದು ಕೂತಿತು. ಕಟ್ಟಡದವರ ಸಂಘದ ಸಭೆಯಲ್ಲಿ ಅವರು ಗಾಳಿಯ ಸ್ವಭಾವ ಕುರಿತು ಮುಕ್ಕಾಲು ಗಂಟೆ ಮಾತಾಡಿದರಂತೆ. ಸಭಿಕರಲ್ಲಿ ಒಬ್ಬರು ನಲವತ್ತೊಂದು ಡಿಗ್ರಿ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಿದಾಗ, “ನೀವು ಇನ್ನೂ ಓದಬೇಕು” ಎಂದರಂತೆ.

ಮುಂದಿನ ಸೋಮವಾರ ಹೆಡ್‌ಫೋನಮ್ಮನ ಮೇಜಿನ ಹಿಂದೆ ಕುರ್ಚಿ ಇರಲಿಲ್ಲ.

ಆಕೆ ಬುದ್ಧಿವಂತೆ, ಅರ್ಧ ದಿನ ಬೇಕಾಗಲಿಲ್ಲ. ನೀರಿನ ಬಾಟಲಿ, ಮೌಸು, ಒಂದು ಚಿಕ್ಕ ಕುಂಡದ ಗಿಡ ರಟ್ಟಿನ ಪೆಟ್ಟಿಗೆಗೆ ಹಾಕಿಕೊಂಡಳು. ಮಿಲಿಮೀಟರ್ ಅವರು ಎದ್ದು ನಿಂತರು, ಕೂತರು, ಮತ್ತೆ ಎದ್ದರು.

“ನಾನು ಹೇಳಬೇಕು ಅಂತಲೇ ಇದ್ದೆ ಅಮ್ಮ. ಅವರು ಪೂರ್ತಿ ಕೇಳಿಸ್ಕೊಳ್ಳಲಿಲ್ಲ. ನೀನು…”

“ತೊಂಬತ್ತಕ್ಕೆ ತನ್ನಿ ಅಂದಿದ್ದೆ ಸರ್,” ಎಂದಳು ಹೆಡ್‌ಫೋನಮ್ಮ. ಪೆಟ್ಟಿಗೆ ಎತ್ತಿಕೊಂಡು ಹೋದಳು. ಆ ಕಚೇರಿಯ ಬಾಗಿಲಿಗೆ ಒಂದೇ ಕದ. ಅದು ತಾನಾಗಿ ಮುಚ್ಚಿಕೊಂಡಿತು.

ವರ್ಷದೊಳಗೆ ಆಸ್ಪತ್ರೆ ಎದ್ದಿತು. ಬಾಗಿಲಿನ ಕೆಲಸ ಸಿಕ್ಕಿದ್ದು ಭಾವಮೈದುನನಿಗೆ. ಒಳ್ಳೆಯ ಮರ, ಒಳ್ಳೆಯ ಬಿಜಾಗರಿ, ಬೆರಳಲ್ಲಿ ತಳ್ಳಿದರೆ ತೆರೆಯುವಷ್ಟು ಹಗುರ. ತೊಂದರೆಯಾಗಿದ್ದು ಅದೇ. ಬಲಗದ ಯಾವ ಕೋನದಲ್ಲೂ ನಿಲ್ಲುತ್ತಿರಲಿಲ್ಲ. ಗಾಳಿಯನ್ನು ಹತೋಟಿಯಲ್ಲಿಡಲು ಹುಟ್ಟಿದ ಕದವನ್ನು ಗಾಳಿಯೇ ಆಡಿಸುತ್ತಿತ್ತು.

ತಪಾಸಣೆಗೆ ಸಾಹೇಬರೇ ಖುದ್ದಾಗಿ ಕೋನಮಾಪಕ ಹಿಡಿದು ಬಂದರು. ಅದು ಅವರ ಮೊಮ್ಮಗಳ ಶಾಲೆಯ ಪೆಟ್ಟಿಗೆಯದು. ಮೇಲೆ ಒಂದು ಮೊಲದ ಚಿತ್ರ ಅಂಟಿಸಿತ್ತು.

“ಮೂವತ್ತೊಂದು,” ಎಂದರು. “ಈಗ ನಲವತ್ನಾಲ್ಕು. ಏನ್ರೀ ಇದು, ಬಾಗಿಲೋ ಉಯ್ಯಾಲೆಯೋ?”

“ನೆಲಕ್ಕೊಂದು ತಡೆ ಹೊಡೀತೀನಿ ಸರ್,” ಎಂದ ಬಡಗಿ.

“ನಕ್ಷೆಯಲ್ಲಿ ತಡೆ ಇದೆಯಾ?”

“ಇಲ್ಲ ಸರ್.”

“ಮತ್ತೆ?”

“ಗೋಡೆಗೊಂದು ಕೊಕ್ಕೆ?”

“ಎಲ್ಲಿ ತೋರಿಸಿ ಕೊಕ್ಕೆನ ನಕ್ಷೆಯಲ್ಲಿ.”

ಬಡಗಿ ಅತ್ತಿತ್ತ ನೋಡಿ ಮೂಲೆಯಲ್ಲಿ ಬಿದ್ದಿದ್ದ ಇಟ್ಟಿಗೆಯೊಂದನ್ನು ತಂದು ಕದದ ಕೆಳಗಿಟ್ಟ. ಸಾಹೇಬರು ಇಟ್ಟಿಗೆಯನ್ನೂ ನಕ್ಷೆಯನ್ನೂ ಬಹಳ ಹೊತ್ತು ಹೋಲಿಸಿ ನೋಡಿ ತಲೆಯಾಡಿಸಿದರು. ಯಜಮಾನರು ಬೆವರು ಒರೆಸಿಕೊಂಡರು.

“ತಿದ್ದುಪಡಿ ನಕ್ಷೆ ಕೊಡಬಹುದಾ ಸರ್?”

“ಧಾರಾಳವಾಗಿ ಕೊಡಿ. ಕಡತ ಮೊದಲನೇ ಮೇಜಿಂದ ಶುರು. ಹನ್ನೊಂದು ಮೇಜು. ಮಕ್ಕಳಿಗೆ ಶೀತ ಆಗುತ್ತೆ ಅಂತ ಹಿಂದೆ ಯಾಕೆ ಹೇಳಿದ್ರಿ, ಈಗ ಆಗಲ್ಲ ಅಂತ ಯಾಕೆ ಹೇಳ್ತೀರಿ ಅಂತ ವಿವರಣೆ ಲಗತ್ತಿಸಬೇಕು.”

ಹೆಡ್ ನರ್ಸ್ ಒಳಗಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಆಸ್ಪತ್ರೆ ಶುರು ಆಗೋದು ಯಾವಾಗ? ಹೆರೋರು ನಿಮ್ಮ ಹನ್ನೊಂದು ಮೇಜಿಗೋಸ್ಕರ ಕಾಯ್ತಾ ಕೂರ್ತಾರಾ?”

ಆಗ ಮಿಲಿಮೀಟರ್ ಅವರು, ಏನಾದರೂ ಮಾಡಬೇಕೆಂದು, ಮುಂದೆ ಹೋಗಿ ಕದವನ್ನು ಕೈಯಲ್ಲಿ ಹಿಡಿದುಕೊಂಡರು. ಇಪ್ಪತ್ತಾರು ವರ್ಷದ ಕಣ್ಣು. ಸಾಹೇಬರು ಅಳೆದರು. ಸರಿಯಾಗಿ ಮೂವತ್ತೇಳು.

“ನೋಡ್ರಿ! ಮನಸ್ಸು ಮಾಡಿದ್ರೆ ಆಗುತ್ತೆ,” ಎಂದರು ಸಾಹೇಬರು.

“ಆದರೆ ಸರ್, ಮನುಷ್ಯ… ನಕ್ಷೆಯಲ್ಲಿ ಮನುಷ್ಯ ಇಲ್ಲವಲ್ಲ?” ಎಂದರು ಯಜಮಾನರು ಹೆದರುತ್ತ.

ಸಾಹೇಬರು ನಕ್ಕರು. ಕಾನೂನು ಬಲ್ಲವರ ನಗು. “ತಡೆ, ಕೊಕ್ಕೆ, ಇಟ್ಟಿಗೆ ಇದ್ದರೆ ನಕ್ಷೆಯಲ್ಲಿ ತೋರಿಸಬೇಕು. ಮನುಷ್ಯರನ್ನ ತೋರಿಸೋ ಪದ್ಧತಿ ಎಲ್ಲಿದೆ? ಮನುಷ್ಯ ಇರಬಹುದು.”

ಮುದ್ರೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಿಲಿಮೀಟರ್ ಅವರ ಎರಡು ಕೈಯೂ ಕದದ ಮೇಲಿದ್ದದ್ದರಿಂದ ಅವರು ತಟ್ಟಲಿಲ್ಲ.

ಸೋಮವಾರ ಕಚೇರಿಗೆ ಹೋದರೆ ಕಿಟಕಿ ಇತ್ತು, ಮೇಜಿತ್ತು, ಟವೆಲನ್ನು ಯಾರೋ ಮಡಚಿ ಮೇಜಿನ ಮೇಲಿಟ್ಟಿದ್ದರು.

“ಸರ್, ನನ್ನ ಕುರ್ಚಿ…”

“ವ್ಯಾನಲ್ಲಿ ಕಳಿಸಿದೀನಿ,” ಎಂದರು ಯಜಮಾನರು ಪ್ರೀತಿಯಿಂದ. “ಆಸ್ಪತ್ರೆಗೆ. ನಿಮಗಿಂತ ಚೆನ್ನಾಗಿ ಆ ಬಾಗಿಲು ಯಾರಿಗ್ರಿ ಗೊತ್ತು? ನಾನು ಯಾರಿಗೂ ಹೋಗು ಅನ್ನೋನಲ್ಲ. ನಿಮ್ಮ ಕುರ್ಚಿ ಎಲ್ಲಿದೆಯೋ ನಿಮ್ಮ ಕೆಲಸ ಅಲ್ಲಿದೆ, ಅಷ್ಟೇ.”

ಹೀಗೆ ಮಿಲಿಮೀಟರ್ ಅವರ ಕುರ್ಚಿ ಉಳಿಯಿತು. ಹಸಿರು ದಾರ ಸುತ್ತಿದ ಚಕ್ರದ ಸಮೇತ ಅದು ಹೆರಿಗೆ ಆಸ್ಪತ್ರೆಯ ಬಲಗದದ ಹಿಂದೆ ಬಂದು ನಿಂತಿತು, ಅವರು ಅದರ ಮೇಲೆ ಕೂತರು. ಕುತ್ತಿಗೆಗೆ ದಾರದಲ್ಲಿ ಕೋನಮಾಪಕ. ಬೆಳಿಗ್ಗೆ ಎಂಟರಿಂದ ಸಂಜೆ ಆರು. ಸ್ಟ್ರೆಚರ್ ಬಂದರೆ ಎದ್ದು ಪೂರ್ತಿ ತೆರೆಯುವುದು, ಹೋದ ಮೇಲೆ ಅಳೆದು ಮೂವತ್ತೇಳಕ್ಕೆ ತಂದು ಕೂರುವುದು.

ಜನರಿಗೆ ಇದು ಯಾವ ಹುದ್ದೆ ಎಂದು ತಿಳಿಯಲಿಲ್ಲ. ಕಾವಲಿನವರೆಂದು ಚೀಲ ಕೊಟ್ಟು ಹೋದರು. ಕೊಡೆ ಕೊಟ್ಟು ಹೋದರು. ಒಬ್ಬ ಹೊಸ ಅಪ್ಪ ಗಡಿಬಿಡಿಯಲ್ಲಿ ಮಗುವನ್ನೇ ಕೊಟ್ಟು ಔಷಧಿ ಅಂಗಡಿಗೆ ಓಡಿದ. “ಅಜ್ಜಾ, ಸ್ವಲ್ಪ ಪೂರ್ತಿ ತೆಗೀರಿ, ನಾವು ನಾಲ್ಕು ಜನ ಇದೀವಿ,” ಎಂದವರಿಗೆ ಅವರು ಷರತ್ತು ಓದಿ ಹೇಳಿದರು. “ಯಾರೋ ಪಾಪ, ತಲೆ ಕೆಟ್ಟಿದೆ” ಎಂದು ಆ ನಾಲ್ಕು ಜನ ಒಬ್ಬರ ಹಿಂದೊಬ್ಬರು ಎಡಗದದಲ್ಲಿ ಒಳಗೆ ಹೋದರು. ಹೆಡ್ ನರ್ಸ್ ಮಾತ್ರ ದಿನಕ್ಕೆ ಎರಡು ಸಲ ಬಂದು, “ಏನ್ರೀ ಗಾಳಿ ಮಾಸ್ತರೇ, ಮೂರನೇ ವಾರ್ಡಲ್ಲಿ ಎಲ್ಲಾ ಮಕ್ಕಳೂ ಸೀನ್ತಿವೆ. ನಿಮ್ಮ ಕೋನಕ್ಕೆ ಒಂದು ಮಾತು ಹೇಳಿ” ಎಂದು ಹೋಗುತ್ತಿದ್ದರು.

ಅಕ್ಕಪಕ್ಕದ ಮನೆಯವರಿಗೆ ಹೆಂಡತಿ, “ಆಸ್ಪತ್ರೇಲಿ ಗಾಳಿ ವಿಭಾಗ ಪೂರ್ತಿ ಇವರದೇ ಜವಾಬ್ದಾರಿ” ಎಂದು ಹೇಳಿದ್ದರು. ಎದುರುಮನೆಯ ಮೇಷ್ಟ್ರು ಮೊಮ್ಮಗುವನ್ನು ನೋಡಲು ಆಸ್ಪತ್ರೆಗೆ ಹೋಗಿ ಬಂದ ಮೇಲೆ ಹೆಂಡತಿ ಹಾಗೆ ಹೇಳುವುದನ್ನು ನಿಲ್ಲಿಸಿದರು. ಮೇಷ್ಟ್ರು ಏನೂ ಆಡಿಕೊಳ್ಳಲಿಲ್ಲ. ಬಹಳ ಗೌರವದಿಂದ ನಮಸ್ಕಾರ ಮಾಡತೊಡಗಿದರು, ಅಷ್ಟೆ. ಅದು ಇನ್ನೂ ಕಷ್ಟ.

ಭಾವಮೈದುನ ಒಂದು ಭಾನುವಾರ ಬಂದು, ಯಾರೂ ಕೇಳದೆಯೇ, ಮನೆಯ ಬಲಗದವನ್ನು ಇಳಿಸಿ, ಉಬ್ಬಿದ್ದ ಅಂಚಿಗೆ ಹತ್ತರಿ ಹೊಡೆದು, ಎಣ್ಣೆ ಹಾಕಿ ಕೂರಿಸಿದ. ಏಳು ವರ್ಷದ ಮೇಲೆ ಮನೆಯೊಳಗೆ ಮುಂದಿನಿಂದ ಬೆಳಕು ಬಂತು. ಮಿಲಿಮೀಟರ್ ಅವರು ಎದ್ದು ಹೋಗಿ ಕದ ತೆರೆದರು. ಕೈ ಒಂದು ಕಡೆ ಬಂದು ತಾನಾಗಿ ನಿಂತಿತು.

“ಪೂರ್ತಿ ತೆಗೀರಿ,” ಎಂದರು ಹೆಂಡತಿ ಮೆಲ್ಲಗೆ. “ಇಲ್ಲಿಗೆ ಯಾರೂ ಅಳೆಯೋಕೆ ಬರಲ್ಲ.”

ಅಷ್ಟರಲ್ಲಿ ಮಂಜೂರಾತಿ ಸಾಹೇಬರು ನಿವೃತ್ತರಾದರು. ಮುಂದಿನ ತಪಾಸಣೆಗೆ ಬಂದವರು ಬೇರೆ. ಕುತ್ತಿಗೆಯಲ್ಲಿ ಕಚೇರಿಯ ಗುರುತಿನ ಚೀಟಿ, ಅದರ ಮೇಲೆ ಮಾಲೆಯಂತೆ ಒಂದು ಹೆಡ್‌ಫೋನು.

ಮಿಲಿಮೀಟರ್ ಅವರು ಎದ್ದು ನಿಲ್ಲಬೇಕೆಂದುಕೊಂಡರು. ಎದ್ದರೆ ಕದ ಅಲುಗುತ್ತದೆ. ಕೂತೇ ಇದ್ದರು.

“ಸರ್, ಚೆನ್ನಾಗಿದೀರಾ?”

“ನೀವು… ಇಲ್ಲಿ?”

“ನೀವು ಅಂತ ಯಾಕೆ ಸರ್ ಅಂತೀರಿ,” ಎಂದಳು ಹೆಡ್‌ಫೋನಮ್ಮ. “ಮಂಜೂರಾತಿ ಕಚೇರೀಲಿ ಕಂಪ್ಯೂಟರಲ್ಲಿ ನಕ್ಷೆ ನೋಡೋಕೆ ಜನ ಬೇಕು ಅಂದ್ರು. ಹೋದೆ. ಮೊನ್ನೆ ಹಳೇ ಕಡತ ತೆಗೀತಿದ್ದಾಗ ಈ ಹದಿನಾಲ್ಕನೇ ಷರತ್ತು ಸಿಕ್ತು. ಓದಿ ಜೋರಾಗಿ ನಕ್ಕೆ. ಆಮೇಲೆ ಇಲ್ಲಿ ಕದ ಯಾರು ಹಿಡ್ಕೊಂಡು ಕೂತಿದಾರೆ ಅಂತ ಹೇಳಿದ್ರು.”

ಅವರು ಕೋನಮಾಪಕದ ದಾರ ಸರಿಮಾಡಿಕೊಂಡರು.

“ಕೋನ ಬರೀ ಗುರುತು ಅಂತ ಒಂದು ಸಾಲು ಬರೆದ್ರೆ ಷರತ್ತು ಬಿದ್ದುಹೋಗುತ್ತೆ ಸರ್. ಆ ಸಾಲು ಬರೆಯೋ ಅಧಿಕಾರ ಈಗ ನನಗಿದೆ. ಇವತ್ತೇ ಬರೀತೀನಿ. ನಾಳೆಯಿಂದ ನಿಮಗೆ ಈ ಪಾಡಿಲ್ಲ, ಆಫೀಸಿಗೆ ವಾಪಸ್ ಹೋಗಿ.”

“ಆಫೀಸಲ್ಲಿ ಕುರ್ಚಿ ಇಲ್ಲಮ್ಮ.”

“ಎಲ್ಲಿ ಹೋಯ್ತು?”

ಆಕೆಯ ಕಣ್ಣು ತಾನಾಗಿ ಕೆಳಗಿಳಿದು, ಹಸಿರು ದಾರ ಸುತ್ತಿದ ಚಕ್ರದ ಮೇಲೆ ನಿಂತಿತು.

“ಇನ್ನೂ ಮೂರು ವರ್ಷ ಇದೆ ನನಗೆ,” ಎಂದರು ಮಿಲಿಮೀಟರ್. ಧ್ವನಿ ತಗ್ಗಿತ್ತು. “ಈ ಮೂವತ್ತೇಳು ಹೋದ್ರೆ ಇದೂ ಹೋಗುತ್ತೆ. ಅದು ಸರಿಯಾಗೇ ಇದೆ ಅಂತ ಬರೆದುಬಿಡಿ. ಗಾಳಿ ಚೆನ್ನಾಗೇ ಬರುತ್ತೆ.”

ಆಗಲೇ ಸ್ಟ್ರೆಚರ್ ಬಂತು. ಮೇಲೆ ಮಲಗಿದ್ದ ಹೆಂಗಸು ಹಲ್ಲು ಕಚ್ಚಿ ಯಾರನ್ನೋ ಬೈಯುತ್ತಿದ್ದಳು. ಮಿಲಿಮೀಟರ್ ಅವರು ಎದ್ದು ಕದವನ್ನು ಪೂರ್ತಿ ತೆರೆದು ಗೋಡೆಗೆ ಒತ್ತಿ ನಿಂತರು. ಸ್ಟ್ರೆಚರ್ ಒಳಗೆ ಹೋಯಿತು. ಕದವನ್ನು ತಂದು ನಿಲ್ಲಿಸಿ ಕೂತರು. ಈ ಸಲ ಅಳೆಯಲಿಲ್ಲ.

ಹೆಡ್‌ಫೋನಮ್ಮ ಕೋನಮಾಪಕ ಇಟ್ಟಳು. ನಲವತ್ತೊಂದು. ಅದು ಇಬ್ಬರಿಗೂ ಕಾಣಿಸಿತು.

ಆಕೆ ಒಂದು ಬೆರಳಿನಿಂದ ಕದವನ್ನು ನಾಲ್ಕು ಡಿಗ್ರಿಯಷ್ಟು ಹಿಂದಕ್ಕೆ ತಳ್ಳಿ, ಹಾಳೆಯಲ್ಲಿ ಬರೆದಳು: ‘37. ಸರಿಯಿದೆ.’ ಸಹಿ ಹಾಕಿದಳು. ಹೆಡ್‌ಫೋನನ್ನು ಕಿವಿಗೇರಿಸಿಕೊಂಡು ಎಡಗದದಲ್ಲಿ ಹೊರಗೆ ನಡೆದಳು.

ಅವರ ಬಾಯಲ್ಲಿ ಎರಡು ವರ್ಷದಿಂದ ಉಳಿದಿದ್ದ ಅರ್ಧ ವಾಕ್ಯ ಆಗ ಹೊರಬಿತ್ತು. “ಆ ಬಾಗಿಲಿಗೆ ದಾರಿ ತೋರಿಸಿದ್ದು ನೀನೇ ಅಮ್ಮ,” ಎಂದರು, ಸಾಕಷ್ಟು ಜೋರಾಗಿಯೇ. ಮೆಟ್ಟಿಲ ಮೇಲೆ ಕೂತಿದ್ದ ಇಬ್ಬರು ಮುದುಕಿಯರು ತಿರುಗಿ ನೋಡಿದರು. ಆಕೆಯ ಎರಡು ಕಿವಿಯೂ ಮುಚ್ಚಿದ್ದವು. ಗೇಟಿನ ಕಡೆ ಹೋಗುತ್ತಲೇ ಇದ್ದಳು.

ಹತ್ತು ಹೆಜ್ಜೆ ಓಡಿದರೆ ಹಿಡಿಯಬಹುದಿತ್ತು. ಗಾಳಿ ಬೀಸುತ್ತಿತ್ತು. ಮಿಲಿಮೀಟರ್ ಅವರು ಗೇಟು ನೋಡಿದರು, ಕದ ನೋಡಿದರು, ಕದವನ್ನು ಇನ್ನೊಂದು ಕೈಯಲ್ಲೂ ಹಿಡಿದುಕೊಂಡರು.